ನನ್ನ ಹೆಸರಿನ ಕಾಯಿಲೆ

ಕತಾರಿನ ಅಲ್ ಸದ್ದ್ ಬಡಾವಣೆಯಲ್ಲಿ ನಾವಿದ್ದ ಫ್ಲ್ಯಾಟಿನ ಕರಾರಿನಲ್ಲಿ ಪ್ರಾಣಿ ಸಾಕುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೂ ಪಾರ್ಕಿಂಗ್‌ನಲ್ಲಿ ಸಿಕ್ಕ ಬೂದು ಬೆಕ್ಕನ್ನು ನನ್ನ ಗಂಡ ಎತ್ತಿಕೊಂಡು ಬಂದರು. ಆ ವರ್ಷ ಅವರ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆಯುತ್ತಿದ್ದರು. ಇವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ಲಿಫ್ಟ್ ಹತ್ತಿದರೆ ಕೈ ನಡುಗುತ್ತಿತ್ತು. ಬೆಕ್ಕು ಪಕ್ಕದಲ್ಲಿ ಮಲಗತೊಡಗಿದ ಮೇಲೆ ನಿದ್ದೆ ಬಂತು. ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೆ. ಸೋಫಾ ಪರಚಿದ್ದನ್ನು ಸಹಿಸಿಕೊಂಡೆ.

ಕಿಟಕಿಯಲ್ಲಿ ಕೂತ ಬೆಕ್ಕು ವಾಚ್‌ಮನ್ ಕಣ್ಣಿಗೆ ಬಿತ್ತು, ಅವನಿಂದ ಮಾಲೀಕರ ಕಿವಿಗೂ ಹೋಯಿತು. ವಾರದೊಳಗೆ ಬೆಕ್ಕನ್ನು ಬಿಡಿ, ಇಲ್ಲವೇ ಮನೆ ಬಿಡಿ ಎಂದು ಹೇಳಿ ಕಳಿಸಿದರು. ಕಾಯಿಲೆಯ ಕಾರಣ ಬರೆದು ಕೇಳಿದರೆ ಒಪ್ಪಬಹುದು ಎಂದು ಯಾರೋ ಹೇಳಿದರಂತೆ. ಇವರು ಪತ್ರ ಬರೆದು ಕಳಿಸಿದರು. ನಾನು ಓದಲಿಲ್ಲ. ಆಫೀಸಿನ ಪತ್ರಗಳನ್ನೆಲ್ಲ ಬರೆಯುವವರು, ನಾನೇಕೆ ಮೂಗು ತೂರಿಸಲಿ?

ಶುಕ್ರವಾರ ಸಂಜೆ ಮಾಲೀಕರೇ ಬಂದರು. ವಯಸ್ಸಾದ ಕತಾರಿ, ಕೈಯಲ್ಲಿ ಖರ್ಜೂರದ ಡಬ್ಬಿ. ಇವರನ್ನು ಬಿಟ್ಟು ನೇರ ನನ್ನತ್ತ ತಿರುಗಿ, ಹರಕುಮುರುಕು ಹಿಂದಿಯಲ್ಲಿ, "ಸಿಸ್ಟರ್, ಈಗ ನಿದ್ದೆ ಬರುತ್ತಾ? ಭಯ ಕಡಿಮೆ ಆಯ್ತಾ?" ಎಂದು ಕೇಳಿದರು.

ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಪತ್ರದಲ್ಲಿ ಏನಿತ್ತೆಂದು ಅರ್ಥವಾಯಿತು. ನನಗೇನೂ ಆಗಿಲ್ಲ ಎಂದಿದ್ದರೆ ಬೆಕ್ಕು ಅಂದೇ ಹೊರಗೆ. "ಪರವಾಗಿಲ್ಲ" ಎಂದೆ.

ಬೆಕ್ಕಿಗೆ ಪತ್ರದ ವಿಷಯ ಯಾರೂ ಹೇಳಿರಲಿಲ್ಲ. ಅದು ನನ್ನನ್ನು ದಾಟಿ ಹೋಗಿ ಇವರ ತೊಡೆ ಏರಿತು. ನಡುಗುತ್ತಿದ್ದ ಕೈ ಅದರ ಬೆನ್ನಿನ ಮೇಲೆ ನಿಂತಿತು. ಮಾಲೀಕರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಖಲಾಸ್, ಮಾತು ಮುಗೀತು, ಬೆಕ್ಕು ಇರಲಿ. ಡಾಕ್ಟರ ಕಾಗದ ಒಂದು ತಂದುಕೊಡಿ" ಎಂದು ಎದ್ದರು. ಬಾಗಿಲಲ್ಲಿ ಇವರ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೋದರು.

"ನಿಮಗೆ ಬಂದಿರೋದನ್ನ ನನಗ್ಯಾಕ್ರೀ ಅಂಟಿಸಿದ್ರಿ?"

"ಆಫೀಸಿಗೆ ಗೊತ್ತಾದ್ರೆ ನನ್ನ ಕಳಿಸಿಬಿಡ್ತಾರೆ. ನಿನಗೆ ಕೆಲಸ ಇಲ್ವಲ್ಲ, ಹೋಗೋದೇನೂ ಇಲ್ಲ ಅಂದ್ಕೊಂಡೆ."

ಆ ಮಾತಿಗೆ ಮೈ ಉರಿಯಿತು. ಬೆಕ್ಕಿಗಿಂತ ನಾನು ಕಡೆಯೇ ಅನ್ನಿಸಿತು. ಎರಡು ದಿನ ಮಾತು ಬಿಟ್ಟೆ. ಬೆಕ್ಕಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಊಟ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಆಫೀಸಿಗೆ ಹೊರಟವರು ಶೂ ಹಾಕಿಕೊಳ್ಳುತ್ತಾ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಪೇಷಂಟ್ ಹೆಸರೇನೆಂದು ಅತ್ತಲಿಂದ ಕೇಳಿದ್ದು ನನಗೂ ಕೇಳಿಸಿತು. ದೋಸೆ ಮಗುಚುವುದನ್ನು ಬಿಟ್ಟು ನಿಂತೆ. ಅವರು ತಮ್ಮ ಹೆಸರು ಹೇಳಿದರು. ಅತ್ತಲಿನವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.