ಈರಣ್ಣ ಸರ್ ಮತ್ತು ಕುರಿಯ ಮೂತ್ರಪಿಂಡ

ವಿಜ್ಞಾನಕ್ಕಾಗಿ ಮಹಾನುಭಾವರು ಸರ್ವಸ್ವವನ್ನೂ ತ್ಯಾಗ ಮಾಡಿದ್ದಾರೆ. ನಮ್ಮ ಈರಣ್ಣ ಸರ್ ತ್ಯಾಗ ಮಾಡಿದ್ದು ಬೆಳಗಿನ ಚಹಾ.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೈಕಲ್ಲಿನ ಹಿಡಿಕೆಗೆ ಐಸು ತುಂಬಿದ ಸ್ಟೀಲ್ ಡಬ್ಬಿ. ತೊಂಬತ್ತರ ದಶಕದಲ್ಲಿ ವಾರಕ್ಕೊಮ್ಮೆ ಸಪ್ತಾಪುರದ ಬಾಡಿಗೆ ಖೋಲಿಯಿಂದ ಅವರು ಹೀಗೆ ಮಟನ್ ಅಂಗಡಿಗೆ ಹೊರಡುತ್ತಿದ್ದರು. ಕುರಿಯ ಮೂತ್ರಪಿಂಡಗಳನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮುಟ್ಟಿಸಿ, ಮರಳಿ ಬಂದು ಇನ್ನೊಮ್ಮೆ ಸ್ನಾನ, ಪೂಜೆ ಆಗುವವರೆಗೆ ಬಾಯಿಗೆ ಹನಿ ನೀರಿಲ್ಲ. ಅಂಗಡಿಯ ಖಾದರ್ ಚಾಚಾ ಒಮ್ಮೆ ತಡೆಯಲಾರದೆ, ಇದನ್ನೆಲ್ಲ ಹೆಂಗ ಮಾಡಿ ತಿಂತೀರಿ ಎಂದು ಕೇಳಿದನಂತೆ. "ತಿನ್ನಂಗಿಲ್ಲ ಚಾಚಾ, ನಾವು ಇದನ್ನ ಓದ್ತೇವಿ," ಅಂದರಂತೆ ಸರ್. ಚಾಚಾ ಅಂದಿನಿಂದ ವಿಶ್ವವಿದ್ಯಾಲಯದ ಬಗ್ಗೆ ಮಾತಾಡುವುದನ್ನೇ ಬಿಟ್ಟ.

ಓದು ಇಷ್ಟೇ. ರಕ್ತನಾಳಗಳನ್ನು ಬಿಗಿದು ರಕ್ತದೊತ್ತಡ ಏರಿಸುವ ಹಾರ್ಮೋನು ಒಂದಿದೆ. ಮೂತ್ರಪಿಂಡದ ಜೀವಕೋಶಗಳಲ್ಲಿರುವ ಕಿಣ್ವಗಳು ಅದನ್ನು ಕತ್ತರಿಸಿ ಹಾಕುತ್ತವೆ. ಅಂಥದೊಂದು ಕಿಣ್ವವನ್ನು ಶುದ್ಧವಾಗಿ ಬೇರ್ಪಡಿಸಿ ಅಳೆಯುವುದೇ ಅವರ ಪಿಎಚ್.ಡಿ. ಆ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ನನಗೆ ಅವರು ತಿಳಿಸಿದ ಪರಿ: "ಹಾರ್ಮೋನ್ ಅಂದ್ರ ನಮ್ಮ ವಿಭಾಗದ ಮುಖ್ಯಸ್ಥರಿದ್ದಂಗ, ತಮ್ಮಾ. ಬಂದ್ರ ಎಲ್ಲಾರೂ ಬಿಗೀತಾರ. ಈ ಕಿಣ್ವ ಸಂಜೀ ಐದರ ಗಂಟಿ."

ಅವರದೇ ರಕ್ತದೊತ್ತಡ ಏರಿತ್ತು. ಡಾಕ್ಟರು ಉಪ್ಪು ಬಿಡಿಸಿದ್ದರು. ಉಪ್ಪಿನಕಾಯಿ ಉಪ್ಪಲ್ಲ ಎಂಬುದು ಸರ್ ನಿಲುವು. ಪಿಎಚ್.ಡಿ. ನೋಂದಣಿಯ ಅವಧಿ ಎರಡು ಸಲ ವಿಸ್ತರಿಸಿ ಆಗಿತ್ತು, ಮುಂದಿನ ಮಾರ್ಚೇ ಕೊನೆಯ ಗಡುವು. ನಾಲ್ಕು ವರ್ಷದ ಡಬ್ಬಿಗಳೆಲ್ಲ ಸೋಸಿ ಸೋಸಿ ಕಿರುಬೆರಳಿನಷ್ಟು ಉದ್ದದ ಆರು ಕೊಳವೆಗಳಾಗಿ ಫ್ರೀಜರಿನಲ್ಲಿದ್ದವು. ದಸರೆ ಮುಗಿದರೆ ಕೊನೆಯ ಅಳತೆ.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಯಂತ್ರಗಳಿಗೆ ವಿಶ್ರಾಂತಿ ಕೊಡಬೇಕು. ಸರ್ ಪ್ರತಿವರ್ಷ ಫ್ರೀಜರನ್ನು ಆರತಿ ಮುಗಿಯುವಷ್ಟು ಹೊತ್ತು ಬಂದ್ ಮಾಡಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಮತ್ತೆ ಚಾಲೂ ಮಾಡುತ್ತಿದ್ದರು. ಆ ವರ್ಷ ಕಾಯಿ ಒಡೆದವರೇ ತಲೆ ಹಿಡಿದುಕೊಂಡು ಕುಳಿತರು. ಆಟೋದಲ್ಲಿ ಮನೆಗೆ ಕರೆದೊಯ್ದವನು ನಾನು, ಬಾಗಿಲಿಗೆ ಬೀಗ ಹಾಕಿದವನೂ ನಾನೇ. ಫ್ರೀಜರ್ ಎಂದಿಲ್ಲದಷ್ಟು ಶಾಂತವಾಗಿತ್ತು. ಭಕ್ತಿಯ ಪ್ರಭಾವವೆಂದುಕೊಂಡೆ.

ಮರುದಿನ ಬನ್ನಿ ಹಂಚುವ ವಿಜಯದಶಮಿ, ಅದರ ಮರುದಿನ ರವಿವಾರ. ಸೋಮವಾರ ಬಾಗಿಲು ತೆಗೆದಾಗ ನೆಲದ ತುಂಬ ನೀರು, ಅದರಲ್ಲಿ ಚೆಂಡುಹೂ. ಸರ್ ಬೈಯಲಿಲ್ಲ. ಆರೂ ಕೊಳವೆಗಳನ್ನು ಒಂದೊಂದಾಗಿ ಅಳೆದರು. ಸಂಜೆಯಾಯಿತು.

"ಕಿಣ್ವ ಎಲ್ಲಾ ಕೆಟ್ಟಾವ, ಒಂದೂ ಕತ್ತರಿ ನಡೀವಲ್ದು," ಅಂದರು. ಒದ್ದೆ ಚೆಂಡುಹೂಗಳನ್ನು ಆರಿಸುತ್ತ, "ಪೂಜಾ ಮಾತ್ರ ಖರೇನ ಛಲೋ ಆಗಿತ್ತು ನೋಡು."

ಕೊನೆಯ ಭೇಟಿ ಕೆಲವು ವರ್ಷಗಳ ಮೇಲೆ, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ. ರಕ್ತದೊತ್ತಡ ಅವರ ಎರಡೂ ಮೂತ್ರಪಿಂಡಗಳನ್ನು ಕೆಡಿಸಿತ್ತು. ಅಂದು ನಾನು ಮೊದಲು ನೋಡಿದ್ದು ಯಂತ್ರದ ಸ್ವಿಚ್ಚು. ಅವರಿಗೆ ಅದು ತಿಳಿಯಿತು. "ಚಾಲೂ ಐತಿ, ಕುಂದ್ರು," ಅಂದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಖಾದರ್ ಚಾಚಾಗ ಹೇಳು. ಈ ಸಲ ಓದಾಕಲ್ಲ, ನನಗ ಒಂದು ಬೇಕಾಗೇತಿ ಅಂತ."

ಅವರಿಗೆ ಮೂತ್ರಪಿಂಡ ಸಿಗಲಿಲ್ಲ. ಪ್ರಬಂಧ ಸಲ್ಲಿಕೆಯಾಗಲಿಲ್ಲ.