ಬೀಗರು ಕಳಿಸಿದ ಸಕ್ಕರೆ ತೊಟ್ಟಿಲು

ಅಡುಗೆಮನೆಯಿಂದ ಸಕ್ಕರೆ ಪಾಕದ ವಾಸನೆ ಬರುತ್ತಿದೆ. ನನ್ನ ಸೊಸೆ ಸಕ್ಕರೆ ಆರತಿ, ಅಂದರೆ ಗೌರಿಗೆ ಬೆಳಗುವ ಸಕ್ಕರೆ ಗೊಂಬೆಗಳನ್ನು, ಅಚ್ಚಿಗೆ ಹುಯ್ಯುತ್ತಿದ್ದಾಳೆ. ಕೊಪ್ಪಳದ ನಮ್ಮ ಕಾಲೊನಿಯ ಹೆಣ್ಣುಮಕ್ಕಳೆಲ್ಲ ಸೇರಿ ಇವತ್ತು ಸಂಜೆ ಗೌರಿ ಹುಣ್ಣಿಮೆಯ ಪಾರ್ಟಿ ಮಾಡುತ್ತಾರಂತೆ. ಹುಣ್ಣಿಮೆ ಕಳೆದುಹೋಯಿತಲ್ಲ ಎಂದು ಕೇಳಿದೆ. ಭಾನುವಾರವೇ ಎಲ್ಲರಿಗೂ ಬಿಡುವು ಎಂಬ ಉತ್ತರ ಬಂತು. ಗೌರವ್ವನೂ ಇನ್ನು ಮೇಲೆ ರಜೆ ನೋಡಿಕೊಂಡೇ ತವರಿಗೆ ಬರಬೇಕು.

ಸೊಸೆಯ ಅಚ್ಚುಗಳು ರಬ್ಬರಿನವು. ಗುಲಾಬಿ, ಕರಡಿಮರಿ, ಇನ್ನೇನೋ ಒಂದು ಹೃದಯದ ಆಕಾರ. ಹಿಂದಿನಿಂದ ಬೆರಳಲ್ಲಿ ಒತ್ತಿದರೆ ಸಾಕು, ಗೊಂಬೆ ತಾನೇ ಹೊರಗೆ ಬೀಳುತ್ತದೆ. ಒಂದೊಂದು ಬಿದ್ದಾಗಲೂ ಅದರ ಫೋಟೊ ತೆಗೆಯುತ್ತಾಳೆ, ಹೆರಿಗೆ ಮನೆಯಲ್ಲಿ ಕೂಸಿನ ಫೋಟೊ ತೆಗೆದ ಹಾಗೆ. ನನ್ನನ್ನು ಒಳಗೆ ಬಿಟ್ಟಿಲ್ಲ. "ನೀವು ಆರಾಮ ಕುಂದರ್ರಿ ಅತ್ತಿ" ಎಂದಿದ್ದಾಳೆ. ಸಲಹೆ ಕೊಡಬೇಡಿ ಎಂಬುದನ್ನು ಈಗಿನವರು ಇಷ್ಟು ಮರ್ಯಾದೆಯಿಂದ ಹೇಳುತ್ತಾರೆ. ನೀವೂ ಬನ್ನಿ, ನನ್ನ ಪಕ್ಕ ಕುಳಿತುಕೊಳ್ಳಿ. ಹೇಗೂ ನಮ್ಮಿಬ್ಬರಿಗೂ ಕೆಲಸವಿಲ್ಲ.

ನಮ್ಮ ಕಾಲದಲ್ಲಿ ಅಚ್ಚು ಎಂದರೆ ಸಾಗವಾನಿ ಕಟ್ಟಿಗೆಯದು. ಎರಡು ಹೋಳು, ಒಳಗೆ ಕೆತ್ತನೆ. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಕಟ್ಟಿಗೆಯನ್ನು ಕಚ್ಚಿ ಹಿಡಿದು ಆನೆಗೆ ಸೊಂಡಿಲಿಲ್ಲ, ಗಿಳಿಗೆ ಕೊಕ್ಕಿಲ್ಲ. ಪಾಕಕ್ಕೆ ಒಂದಿಷ್ಟು ಹಾಲು ಬಿಟ್ಟು, ಮೇಲೆ ಬಂದ ಹೊಲಸು ತೆಗೆದು, ಎಳೆ ಬರುವ ತನಕ ಕಾಯಿಸಬೇಕು. ಅಚ್ಚಿನ ಹೋಳುಗಳನ್ನು ಜೋಡಿಸಿ ದಾರ ಸುತ್ತಿ, ಮೇಲಿನ ತೂತಿನಿಂದ ಪಾಕ ಹುಯ್ಯಬೇಕು. ಆರಿದ ಮೇಲೆ ದಾರ ಬಿಚ್ಚುವಾಗ ಮನೆಯ ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಗಂಡಸರು ಮಾತ್ರ ಹೊರಗೆ ಕಟ್ಟೆಯ ಮೇಲೆ ಕುಳಿತು, ಮುರಿದ ಗೊಂಬೆಗಳು ಯಾವಾಗ ಬರುತ್ತವೆ ಎಂದು ದಾರಿ ಕಾಯುತ್ತಿದ್ದರು.

ಈ ಆರತಿಗಳು ತಿನ್ನುವುದಕ್ಕಿಂತ ಬೀಗರನ್ನು ತೂಗಿ ನೋಡುವುದಕ್ಕೇ ಹೆಚ್ಚು ಬಳಕೆಯಾಗುತ್ತಿದ್ದವು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಹುಣ್ಣಿಮೆಗೆ ಸೀರೆ, ಹೂವು, ಸಕ್ಕರೆ ಆರತಿ ಕಳಿಸುವುದು ರೂಢಿ. ಹುಡುಗಿ ಅವನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿಕೊಂಡು ಗೌರಿಗೆ ಬೆಳಗಲು ಹೋಗುತ್ತಾಳೆ. ಅದಕ್ಕೂ ಮುಂಚೆ ಬುಟ್ಟಿಯನ್ನು ಓಣಿಯ ಹೆಂಗಸರೆಲ್ಲರ ಮುಂದೆ ಬಿಚ್ಚಬೇಕು. ಸಕ್ಕರೆ ಬೆಳ್ಳಗಿದ್ದರೆ ಬೀಗರು ಛಲೋ ಮಂದಿ. ಸ್ವಲ್ಪ ಹಳದಿಯಾಗಿದ್ದರೆ ಅವರ ವಂಶದ ವಿಚಾರಣೆಯೇ ನಡೆಯುತ್ತಿತ್ತು. ನಮ್ಮ ಯಲಬುರ್ಗಾದ ಓಣಿಯಲ್ಲಿ ಈ ವಿಚಾರಣೆಗೆ ಎದುರುಮನೆ ಗುಂಡವ್ವನೇ ನ್ಯಾಯಾಧೀಶೆ. ಅವಳನ್ನು ಯಾರು ನೇಮಿಸಿದರು ಎಂದು ಕೇಳಬೇಡಿ, ಅಂಥವರನ್ನು ಯಾರೂ ನೇಮಿಸುವುದಿಲ್ಲ.

ನನಗೆ ನಿಶ್ಚಯವಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಕುಷ್ಟಗಿಯ ಹುಡುಗನ ಜೊತೆ. ಯುದ್ಧ ಎಲ್ಲಿಯೋ ಸಮುದ್ರದಾಚೆ ನಡೆದಿತ್ತು, ಸಕ್ಕರೆ ಮಾತ್ರ ನಮ್ಮೂರಿನಲ್ಲಿ ಮಾಯವಾಗಿತ್ತು. ನನ್ನ ಅಪ್ಪ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಆಗ ಕಚೇರಿಯ ಭಾಷೆ ಉರ್ದು. ದಿನವಿಡೀ ಉರ್ದು ಕಾಗದ ಬರೆದು ಬರೆದು, ಮನೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಅವರಿಗೆ ಅದು ಇಜ್ಜತ್ತಿನ ಪ್ರಶ್ನೆಯಾಗುತ್ತಿತ್ತು. ಹುಣ್ಣಿಮೆಗೆ ಮೊದಲು ಆ ಕುಷ್ಟಗಿಯ ಹುಡುಗ ಒಮ್ಮೆ ಕಚೇರಿಯ ಕೆಲಸಕ್ಕೆಂದು ಯಲಬುರ್ಗಾಕ್ಕೆ ಬಂದವನು, ನಮ್ಮ ಮನೆಯಲ್ಲಿ ಊಟ ಮಾಡಿ ಹೋಗಿದ್ದ. ನಾನು ಬಾಗಿಲ ಸಂದಿಯಿಂದ ಅವನ ಬೆನ್ನು ನೋಡಿದ್ದೆ. ಬೆನ್ನು ಒಪ್ಪಿಗೆಯಾಗಿತ್ತು.

ಹುಣ್ಣಿಮೆಯ ಮಧ್ಯಾಹ್ನ ಕುಷ್ಟಗಿಯಿಂದ ಬುಟ್ಟಿ ಬಂತು. ತಂದ ಆಳುಮನುಷ್ಯ ಬುಟ್ಟಿ ಇಳಿಸಿ, ನೀರು ಕುಡಿದು, ಕತ್ತಲಾಗುವುದರೊಳಗೆ ಊರು ಸೇರಬೇಕೆಂದು ಹೊರಟುಹೋದ. ಪಡಸಾಲೆಯ ತುಂಬ ಹೆಂಗಸರು. ಅವ್ವ ಒಂದೊಂದೇ ಗೊಂಬೆ ತೆಗೆದು ತಟ್ಟೆಯಲ್ಲಿಟ್ಟಳು. ಬಸವಣ್ಣ, ಆನೆ, ನವಿಲು, ಗೋಪುರ. ಸಕ್ಕರೆ ಹಾಲಿನ ಹಾಗೆ ಬೆಳ್ಳಗಿತ್ತು. ತಪ್ಪು ಹುಡುಕಲು ಏನೂ ಸಿಗದೆ ಗುಂಡವ್ವನ ಮುಖ ಬಾಡುತ್ತಿತ್ತು. ಆಗ ಬುಟ್ಟಿಯ ತಳದಿಂದ, ಹುಲ್ಲಿನ ನಡುವಿನಿಂದ, ಒಂದು ತೊಟ್ಟಿಲು ಬಂತು. ಸಣ್ಣದು, ನಾಲ್ಕು ಕಾಲಿನದು, ಒಳಗೆ ದಿಂಬು ಕೂಡ ಇತ್ತು.

ಮದುವೆಯಾಗದ ಹುಡುಗಿಗೆ ಗಂಡಿನ ಮನೆಯಿಂದ ತೊಟ್ಟಿಲು! ಗುಂಡವ್ವನ ಮುಖಕ್ಕೆ ಕಳೆ ಬಂತು.

"ಅಲ್ಲವಾ, ಬೀಗರು ಭಾಳ ಅವಸರದಾಗ ಅದಾರ ಅಂತ ಕಾಣತೈತಿ. ಇಲ್ಲಾ, ನಮಗ ಗೊತ್ತಿಲ್ಲದ್ದು ಏನರ ಅವರಿಗೆ ಗೊತ್ತೈತೇನು? ಹುಡುಗ ಉಂಡು ಹೋಗಿ ಎಷ್ಟ ದಿನಾ ಆತು?"

ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ ಬಿತ್ತು. ಬೆನ್ನು ನೋಡಿದರೆ ಬಸಿರಾಗುವುದಿಲ್ಲ ಎಂದು ಆ ಸಭೆಗೆ ಯಾರು ಹೇಳಬೇಕು? ಅಪ್ಪ ಕಟ್ಟೆಯಿಂದ ಎದ್ದು ಬಂದು ಹೊಸಿಲ ಮೇಲೆ ನಿಂತು, "ಇದು ಇಜ್ಜತ್ತಿನ ಪ್ರಶ್ನೆ ಐತಿ! ಬುಟ್ಟಿ ವಾಪಸ್ ಹೋಗಲಿ, ಈ ಸಂಬಂಧನ ಬ್ಯಾಡ" ಎಂದು ಕೂಗಿದರು. ಹಾಗೆ ಮಾಡಿದರೆ ತಮ್ಮ ಮರ್ಯಾದೆ ಉಳಿಯುತ್ತದೆ ಎಂದು ಅವರು ತಿಳಿದಿದ್ದರು. ಆದರೆ ಬುಟ್ಟಿ ವಾಪಸು ಹೋದರೆ ಗುಂಡವ್ವ ಹೇಳಿದ್ದೇ ನಿಜವೆಂದು ಯಲಬುರ್ಗಾಕ್ಕೆಲ್ಲ ಸಾರಿದಂತೆ. ಆಮೇಲೆ ಕುಷ್ಟಗಿಯಲ್ಲ, ಗಂಗಾವತಿಯಲ್ಲ, ಎಲ್ಲಿಂದಲೂ ನನ್ನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಇದು ನನಗೆ ತಿಳಿಯಿತು, ಅವ್ವನಿಗೆ ತಿಳಿಯಿತು. ಅವ್ವ ತೊಟ್ಟಿಲು ಕೈಯಲ್ಲಿ ಹಿಡಿದು ಅಳತೊಡಗಿದಳು. ನನಗೆ ಅಳುವುದಕ್ಕೂ ಹೆದರಿಕೆ, ಅತ್ತರೆ ಅದನ್ನೂ ಸಾಕ್ಷಿ ಎನ್ನುತ್ತಾರೆ.

ಆಗ ಅಡುಗೆಮನೆಯ ಬಾಗಿಲಿನಿಂದ ಚಿಗವ್ವ ಬಂದಳು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಆರತಿಯ ಹೊತ್ತಿಗೆ ಅವಳಿಗೆ ಒಳಗೇ ಏನಾದರೊಂದು ಕೆಲಸ ಇರುತ್ತಿತ್ತು. ಬರಬೇಡ ಎಂದು ಯಾರೂ ಹೇಳುತ್ತಿರಲಿಲ್ಲ, ನಮ್ಮ ಓಣಿಯವರು ಅಷ್ಟು ಸಭ್ಯರು. ಬಾ ಎಂದೂ ಹೇಳುತ್ತಿರಲಿಲ್ಲ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಅವ್ವನ ಕೈಯಿಂದ ತೊಟ್ಟಿಲು ತೆಗೆದುಕೊಂಡಳು.

"ಇದು ನಂದು. ಸಂತಿಗೆ ಹೋದವರ ಕೈಲೆ ನಾನ ಬೀಗರಿಗೆ ಹೇಳಿ ಕಳಿಸಿದ್ದೆ, ನನಗೂ ಒಂದ ತೊಟ್ಟಿಲ ಹುಯ್ದು ಕಳಸ್ರಿ ಅಂತ. ಗೌರವ್ವಗ ಒಪ್ಪಿಸಿ ಒಂದ ಕೂಸ ಬೇಡ್ಕೋಬೇಕಂತ ಮಾಡೀನಿ."

ಗುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ತಲಿ ಬೆಳ್ಳಗಾದ ಮ್ಯಾಲೆ ಕೂಸ ಬೇಕಾತೇನ ನಿನಗ?"

"ಬೇಕಾತು ನೋಡು ಗುಂಡಕ್ಕ. ಗೌರವ್ವ ಏನು ತಲಿ ನೋಡಿ ಕೊಡ್ತಾಳೇನು?"

ಇಡೀ ಸಭೆ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬಂಜೆ ಎಂದು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರಿಗೆ ಎದುರಿಗೇ ಆಡಿಕೊಳ್ಳಲು ಪರವಾನಗಿ ಸಿಕ್ಕಂತಾಗಿತ್ತು. ನನ್ನ ಹೊಟ್ಟೆಯ ವಿಷಯ ಯಾರಿಗೂ ಬೇಕಾಗಲಿಲ್ಲ, ಅಪ್ಪನೂ ಬುಟ್ಟಿ ವಾಪಸು ಕಳಿಸುವ ಮಾತು ಬಿಟ್ಟು ಕಟ್ಟೆಗೆ ಹೋದರು. ಆ ಸಂಜೆ ಚಿಗವ್ವ ತೊಟ್ಟಿಲನ್ನು ತಟ್ಟೆಯಲ್ಲಿಟ್ಟುಕೊಂಡು, ಹಿಂದೆ ಮುಂದೆ ನಗು ಕೇಳುತ್ತ, ಗೌರಿಯ ತನಕ ನಡೆದಳು. ಮೊದಲ ಸಲ ಆರತಿಯ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಕಾಕಾ ಬಹಳ ದಿನ ಚಹಾದಂಗಡಿಯ ಕಡೆಗೆ ಹೋಗಲಿಲ್ಲ. ಅಲ್ಲಿ ಅವನಿಗೆ ಗಂಡಸರು ತೊಟ್ಟಿಲಿನ ಹಗ್ಗದ ಬಗ್ಗೆ ಸಲಹೆ ಕೊಡುತ್ತಿದ್ದರಂತೆ.

ಮದುವೆಯಾಗಿ ಕುಷ್ಟಗಿಗೆ ಹೋದ ಮೇಲೆ ನನ್ನ ಅತ್ತೆಯನ್ನು ಕೇಳಿದೆ. ದೊಡ್ಡ ಸಂಚೇನೂ ಇರಲಿಲ್ಲ. ಅಚ್ಚುಗಳು ನೆರೆಮನೆಯಿಂದ ಕಡ ತಂದವು. ಅವರು ನೆನೆಹಾಕಿ, ದಾರ ಸುತ್ತಿ ಜೋಡಿಸಿಯೇ ಕೊಟ್ಟಿದ್ದರಿಂದ ಒಳಗೇನಿದೆ ಎಂದು ನೋಡದೆ ಪಾಕ ಹುಯ್ದಿದ್ದರು. ಬಿಚ್ಚಿದರೆ ತೊಟ್ಟಿಲು.

"ಮತ್ತ ಕರಗಿಸಿದ್ರ ಸಕ್ಕರಿ ಹಳದಿ ಆಗ್ತಿತ್ತವಾ. ಒಗಿಯಾಕ ಮನಸ ಬರ್ಲಿಲ್ಲ, ಎಷ್ಟ ಕಷ್ಟಪಟ್ಟು ತಂದ ಸಕ್ಕರಿ! ತಳಕ್ಕ ಇಟ್ಟಿದ್ದೆ, ಯಾರ ನೋಡ್ತಾರ ಅಂತ" ಎಂದರು ಅತ್ತೆ.

ಹಿಡಿ ಸಕ್ಕರೆ ಉಳಿಸಲು ಒಂದು ಮದುವೆಯನ್ನೇ ಪಣಕ್ಕಿಟ್ಟ ಆ ಜಾಣತನದ ಕೈಕೆಳಗೆ ನಾನು ಬಹಳ ವರ್ಷ ಸಂಸಾರ ಮಾಡಿದೆ. ಅದೂ ಒಂದು ವಿದ್ಯೆ ಎಂದು ಕಲಿತೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಚಿಗವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನನಗೋಸ್ಕರ ಅಷ್ಟೊಂದು ಮಂದಿಯ ಮುಂದೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನನ್ನ ನೋಡಿ ನಗೂದು ಅವರಿಗೆ ರೂಢಿ ಆಗಿತ್ತು. ನಿನ್ನ ನೋಡಿ ನಗೂದು ಹೊಸಾದು. ಅದನ್ನ ಶುರು ಆಗಾಕ ಬಿಡಬಾರದಂತ ಅನಿಸ್ತು. ಸುಳ್ಳ ಹೇಳಿದ್ದು ಖರೆ ಐತಿ. ಆದ್ರ ಗೌರವ್ವನ ಮುಂದ ಅದನ್ನ ಹಿಡಕೊಂಡು ನಿಂತೆ ನೋಡು, ಖರೇನ ಬೇಡ್ಕೊಂಡುಬಿಟ್ಟೆ."

ನಾನು ನಿಮಗೆ ಇಷ್ಟು ಹೇಳುವಷ್ಟರಲ್ಲಿ ಸೊಸೆ ಹೊರಗೆ ಬಂದಳು. "ಅತ್ತಿ, ಸಂಜಿಕೆ ಮೈಕ್ ತರಸಾಕತ್ತೀವ್ರಿ. ನಮ್ಮ ಸಂಪ್ರದಾಯದ ಬಗ್ಗೆ ನೀವು ಒಂದ ಐದ ನಿಮಿಷ ಛಂದಂಗ ಮಾತಾಡ್ರಿ."

ಬೆಳಿಗ್ಗೆ ಕೇಳಿದ್ದರೆ ಕರಡಿಮರಿಗಳ ಬಗ್ಗೆ ನಾಲ್ಕು ಚುಚ್ಚುಮಾತು ಆಡಿ ಇಳಿಯುತ್ತಿದ್ದೆ. ಈಗ ಮನಸ್ಸು ಬರುವುದಿಲ್ಲ. ಮೈಕು ಕೊಟ್ಟರೆ ಚಿಗವ್ವನ ವಿಷಯ ಹೇಳುತ್ತೇನೆ. ಅವಳು ಎಲ್ಲರ ಮುಂದೆ ಒಂದು ಸುಳ್ಳು ಹೇಳಿದ್ದರಿಂದ ನನಗೆ ಮದುವೆಯಾಯಿತು, ಮಗ ಹುಟ್ಟಿದ, ಮಗನಿಗೆ ಈ ಸೊಸೆ ಬಂದಳು. ಅವತ್ತು ಗೌರಿಯ ಮುಂದೆ ನಿಂತು ನಾನು ಹೆದರಿಕೆಯಲ್ಲಿ ಏನೂ ಬೇಡಿಕೊಂಡಿರಲಿಲ್ಲ. ಬೇಡಿಕೊಂಡವಳು ಅವಳು. ಕೂಸು ಹುಟ್ಟಿದ್ದು ನನಗೆ.