ಗುಹೆಯೊಳಗೆ ಹೊಲಿದ ತೋಳು

ಸೂಜಿಯಕ್ಕ ಎಡಚಿ. ಹುಟ್ಟಿದ್ದೇ ಹಾಗೆ, ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆದರೆ ಅವಳ ಅಮ್ಮನಿಗೆ ಅದು ಕಣ್ಣಲ್ಲಿ ಕಸ ಬಿದ್ದ ಹಾಗೆ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂರು ಮಿಷನ್ ಇಟ್ಟುಕೊಂಡು ಊರವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಅಳತೆಯ ಟೇಪು ಅವಳ ಕೊರಳಿನಿಂದ ಇಳಿಯುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಮಗಳು ಸೂಜಿಯನ್ನು ಎಡಗೈಗೆ ತೆಗೆದುಕೊಂಡಾಗಲೆಲ್ಲ ಅಡಿಕೋಲಿನಿಂದ ಬೆರಳ ಗೆಣ್ಣಿಗೆ ಒಂದು ಬೀಳುತ್ತಿತ್ತು.

"ಹೊಲಿಗೆ ಎಲ್ಲಾ ಉಲ್ಟಾ ವಾಲುತ್ತೆ ಕಣೇ. ಗಿರಾಕಿ ನೋಡಿದ್ರೆ ಏನಂದುಕೊಳ್ತಾರೆ?"

ಮಗಳು ಬಲಗೈಗೆ ಬದಲಿಸುತ್ತಿದ್ದಳು. ಅಮ್ಮ ಅತ್ತ ತಿರುಗಿದೊಡನೆ ಮತ್ತೆ ಎಡಗೈ. ಹತ್ತು ವರ್ಷ ಈ ಯುದ್ಧ ನಡೆದು ಗೆದ್ದದ್ದು ಎಡಗೈ. ಅಮ್ಮ ಮಾತ್ರ ಸೋಲೊಪ್ಪಿಕೊಳ್ಳಲಿಲ್ಲ.

ಅಮ್ಮ ಕಲಿಸಿದ ಇನ್ನೊಂದು ಪಾಠ ಮಗಳ ಮೈಗೆ ಹತ್ತಿಹೋಗಿತ್ತು. ಹರಿದ ಬಟ್ಟೆಯನ್ನು ಹಾಗೇ ಮಡಚಿ ಇಡಕೂಡದು, ಮೊದಲು ಹೊಲಿಯಬೇಕು, ಆಮೇಲೆ ಮಡಚಬೇಕು. ಮುಂದೆ ಅವಳ ಕೆಲಸಕ್ಕೆ ಕುತ್ತು ತಂದದ್ದು ಈ ಒಳ್ಳೆಯ ಪಾಠವೇ.

ಆಗಿನ್ನೂ ಸಿನಿಮಾಕ್ಕೆ ಮಾತು ಬಂದಿರಲಿಲ್ಲ. ಊರಾಚೆಯ ಹಳೆಯ ಗೋದಾಮಿಗೆ ಗಾಜಿನ ಛಾವಣಿ ಹಾಕಿಸಿ, ಬಿಸಿಲಿನ ಬೆಳಕಿನಲ್ಲೇ ಚಿತ್ರ ತೆಗೆಯುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿಗೆ ಅವಳು ಅಲ್ಲಿನ ಉಡುಪಿನ ಕೋಣೆ ಸೇರಿದಳು. ಎದೆಯ ಮೇಲೆ ದಾರ ಪೋಣಿಸಿದ ಮೂರು ಸೂಜಿ ಸದಾ ಚುಚ್ಚಿಕೊಂಡಿರುತ್ತಿದ್ದಳು, ಹಾಗಾಗಿ ವಾರದೊಳಗೆ ಎಲ್ಲರ ಬಾಯಲ್ಲೂ ಸೂಜಿಯಕ್ಕ ಆದಳು. ಬೆಳಗ್ಗೆ ಭಿಕ್ಷುಕನ ಚಿಂದಿ, ಮಧ್ಯಾಹ್ನ ಸೇನಾಪತಿಯ ನಿಲುವಂಗಿ. ಗೋಣಿಚೀಲಕ್ಕೆ ಬಣ್ಣ ಹಚ್ಚಿ ಮಖಮಲ್ಲು ಮಾಡುವುದು, ಹೊಸ ಬೂಟನ್ನು ಇಟ್ಟಿಗೆಯಿಂದ ತಿಕ್ಕಿ ಹತ್ತು ವರ್ಷ ಹಳೆಯದು ಮಾಡುವುದು. ಆ ಕೋಣೆಯ ಧೂಳು, ಇಸ್ತ್ರಿಯ ಬಿಸಿ, ಅಂಟಿನ ವಾಸನೆ, ಎಲ್ಲವೂ ಅವಳಿಗೆ ಇಷ್ಟ. ಹಾಡಿಕೊಂಡು ಹೋಗಿ ಹಾಡಿಕೊಂಡು ಬರುತ್ತಿದ್ದಳು.

"ಸುಳ್ಳು ರಾಜರಿಗೆ ಸುಳ್ಳು ಬಟ್ಟೆ ಹೊಲಿಯೋದೂ ಒಂದು ಕೆಲ್ಸಾನಾ?" ಎಂದಿದ್ದಳು ಅಮ್ಮ. "ಹೋಗು, ಹೋಗು. ಅವರು ಓಡಿಸಿದ ದಿನ ಬಾ. ಮೂರನೇ ಮಿಷನ್ ನಿನಗೆ ಅಂತ ಖಾಲಿ ಇಟ್ಟಿರ್ತೀನಿ. ಆಮೇಲೆ ಜೀವಮಾನ ಪೂರ್ತಿ ಗುಂಡಿಗೆ ಕಾಜಾ ಹೊಲ್ಕೊಂಡು ಕೂತಿರು."

ಅಂದಂತೆಯೇ ಮಾಡಿದಳು. ಮೂರನೆಯ ಮಿಷನ್ನಿಗೆ ಬಿಳಿ ಬಟ್ಟೆ ಹೊದಿಸಿ, ಯಾರನ್ನೂ ಕೂರಗೊಡಲಿಲ್ಲ. ಸೂಜಿಯಕ್ಕ ದಿನಾ ಸಂಜೆ ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕಾಗಿತ್ತು.

ಎರಡು ವರ್ಷದ ಮೇಲೆ ಸ್ಟುಡಿಯೋದವರು ಮನೆಮನೆಯಲ್ಲೂ ಓದುತ್ತಿದ್ದ ಹಳೆಯ ಕಾದಂಬರಿಯೊಂದಕ್ಕೆ ಕೈ ಹಾಕಿದರು. ಮೂವರು ಜೊತೆಗಾರರು ಹಡಗಿನ ನಾಯಕನೊಬ್ಬನನ್ನು ನಂಬಿಸಿ ನಡುಗಡ್ಡೆಯಲ್ಲಿ ಬಿಟ್ಟು, ಅವನ ಹಡಗು, ಹೆಸರು, ಮದುವೆಯಾಗಬೇಕಿದ್ದ ಹುಡುಗಿ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಅವನು ಹನ್ನೆರಡು ವರ್ಷ ಗುಹೆಯಲ್ಲಿ ಬದುಕಿ, ವೇಷ ಮರೆಸಿಕೊಂಡು ಬಂದು ಒಬ್ಬೊಬ್ಬರ ಮೇಲೂ ಸೇಡು ತೀರಿಸಿಕೊಳ್ಳುತ್ತಾನೆ. ಬಂಡವಾಳ, ನಿರ್ದೇಶನ, ಬೈಗುಳ ಮೂರೂ ಸ್ಟುಡಿಯೋದ ಯಜಮಾನರದೇ. ಆರುನೂರು ಪುಟವನ್ನು ಅವರು ಒಂದು ಗಂಟೆಗೆ ಇಳಿಸಬೇಕಾಗಿತ್ತು. ಮೊದಲ ದಿನವೇ ನಾಯಕನ ಅಜ್ಜಿ, ಇಬ್ಬರು ವಕೀಲರು ಮತ್ತು ಒಂದು ಕುದುರೆ ಕಥೆಯಿಂದ ಹೊರಬಿದ್ದರು.

ಗುಹೆಯ ಒಳಭಾಗವನ್ನು ಗೋದಾಮಿನಲ್ಲಿ ಗಾರೆ, ಗೋಣಿಗಳಿಂದ ಕಟ್ಟಿದರು. ಅಲ್ಲಿ ನಾಯಕನಟನ ಕೋಟಿನ ತೋಳು ಬಂಡೆಗೆ ಸಿಕ್ಕಿ ಭುಜದಿಂದ ಮೊಣಕೈವರೆಗೆ ಹರಿಯಬೇಕು. ಸೊಗಸಾಗಿಯೇ ಹರಿಯಿತು. ಮೂರು ದಿನದಲ್ಲಿ ಗುಹೆಯ ಕೆಲಸ ಮುಗಿದು, ಅದೇ ಜಾಗದಲ್ಲಿ ಅರಮನೆ ಕಟ್ಟಲು ಗುಹೆಯನ್ನು ಒಡೆದುಹಾಕಿದರು. ಮುಂದಿನ ವಾರ ಸಮುದ್ರತೀರದಲ್ಲಿ, ನಾಯಕ ಗುಹೆಯಿಂದ ಹೊರಗೆ ಓಡಿಬಂದು ಹಡಗಿಗೆ ಕೈಬೀಸುವ ದೃಶ್ಯ.

ನಡುವೆ ಕೋಟು ಸೂಜಿಯಕ್ಕನ ಕೈಗೆ ಬಂತು. ಮೇಜಿನ ಮೇಲೆ ಹರಡಿದಳು. ಹರಿದ ತೋಳು. ಅವಳ ತಲೆ ಕಥೆಯನ್ನು ನೆನೆಯುವ ಮೊದಲೇ ಕೈ ಸೂಜಿ ಹಿಡಿದಾಗಿತ್ತು. ಹಾಡು ಗುನುಗುತ್ತ ಅಚ್ಚುಕಟ್ಟಾಗಿ ಹೊಲಿದು, ಇಸ್ತ್ರಿ ಮಾಡಿ, ಮಡಚಿಟ್ಟಳು.

ತೀರದಲ್ಲಿ ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಮೋಡದ ಮೇಲೆ, ಒಂದೇ ದಿನಕ್ಕೆ ಸಿಕ್ಕ ಹಡಗಿನ ಮೇಲೆ. ಚಿತ್ರದ ತುಂಡುಗಳನ್ನು ಅಂಟಿಸಿ, ಗೋಡೆಗೆ ಬಿಟ್ಟು ನೋಡಿದಾಗ ಬಂಡವಾಳ ಬಯಲಾಯಿತು. ಗುಹೆಯೊಳಗೆ ಚಿಂದಿ ತೋಳಿನಲ್ಲಿ ಮೊಣಕಾಲೂರಿದ್ದ ನಾಯಕ, ಮರುಕ್ಷಣ ಹೊರಗೆ ಬರುವಾಗ ಮದುವಣಿಗನ ಹಾಗೆ ಇಸ್ತ್ರಿ ಹೊಡೆದ ತೋಳಿನಲ್ಲಿದ್ದ.

ಯಜಮಾನರು ಎದ್ದು ನಿಂತರು. "ಗುಹೆಯೊಳಗೆ ದರ್ಜಿ ಅಂಗಡಿ ಇತ್ತೇನ್ರೀ?"

ಹಡಗು ಹೋಗಿಬಿಟ್ಟಿತ್ತು, ಗುಹೆ ಪುಡಿಯಾಗಿತ್ತು, ಚಿತ್ರ ತೆರೆಗೆ ಬರಲು ಒಂಬತ್ತು ದಿನ ಉಳಿದಿತ್ತು.

"ಯಾರು ಹೊಲಿದದ್ದು?"

"ನಾನೇ ಯಜಮಾನ್ರೇ," ಎಂದಳು ಸೂಜಿಯಕ್ಕ.

"ಈ ತೋಳು ಸರಿಹೋಗೋ ದಾರಿ ನಾಳೆ ಬೆಳಗ್ಗೆ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಆ ಸಂಜೆ ಮನೆಯಲ್ಲಿ ಬಿಳಿ ಬಟ್ಟೆ ಹೊದ್ದ ಮಿಷನ್ ಅವಳನ್ನೇ ನೋಡುತ್ತಿತ್ತು. ಕಾಜಾ ಹೊಲಿಯುವುದು ಕೀಳು ಕೆಲಸ ಅಂತಲ್ಲ. ಆದರೆ ಆ ಧೂಳಿನ ಕೋಣೆ ಇಲ್ಲದ ಬೆಳಗನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು. ಊಟಕ್ಕೆ ಕೂತಾಗ ಮೀನಿನ ಮುಳ್ಳೊಂದು ಬೆರಳಿಗೆ ಚುಚ್ಚಿತು. ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದಳು. ತುದಿ ಚೂಪಾಗಿತ್ತು.

"ಊಟ ಬಿಟ್ಟು ಮುಳ್ಳಿನ ಜೊತೆ ಏನೇ ನಗು?" ಎಂದಳು ಅಮ್ಮ.

ಬೆಳಗ್ಗೆ ಯಜಮಾನರ ಮೇಜಿನ ಮೇಲೆ ಮುಳ್ಳನ್ನಿಟ್ಟು ಹೇಳಿದಳು: "ಅವನೇ ಹೊಲ್ಕೊಂಡ ಅಂತ ಮಾಡೋಣ. ಮೀನಿನ ಮುಳ್ಳೇ ಸೂಜಿ. ಹಾಯಿ ಬಟ್ಟೆಯ ಎಳೆಯೇ ದಾರ. ಹನ್ನೆರಡು ವರ್ಷ ಗುಹೆಯಲ್ಲಿ ಅವನಿಗೆ ಬೇರೆ ಏನು ಕೆಲಸ ಇತ್ತು, ಹೇಳಿ?"

ಯಜಮಾನರು ಮುಳ್ಳನ್ನು ನೋಡಿದರು, ಅವಳನ್ನು ನೋಡಿದರು, ಕುರ್ಚಿ ತಳ್ಳಿ ಕುಣಿಯುವುದೊಂದು ಬಾಕಿ. "ಮೂರು ಹೊಲಿಗೆ! ಒಂದೊಂದು ಹೊಲಿಗೆಗೂ ಒಬ್ಬೊಬ್ಬ ವೈರಿಯ ಹೆಸರು!"

ಉಗ್ರಾಣದಲ್ಲಿ ಉಳಿದಿದ್ದ ಒಂದು ಗಾರೆಬಂಡೆಯನ್ನು ಬಿಸಿಲಿಗೆ ಎಳೆದರು. ಆದರೆ ಕತ್ತಿವರಸೆಯಲ್ಲಿ ಎತ್ತಿದ ಕೈಯಾದ ನಾಯಕನಟ ಸೂಜಿಯನ್ನೂ ಕತ್ತಿಯಂತೆಯೇ ಹಿಡಿದ. ಒಂದೇ ಹೊಲಿಗೆಗೆ ಹೆಬ್ಬೆರಳಿಗೆ ಚುಚ್ಚಿಕೊಂಡು, ತನ್ನ ಅಮ್ಮನನ್ನು ಕೂಗಿದ. ಕೊನೆಗೆ ಕ್ಯಾಮೆರಾದವನು ಬೇಸತ್ತು, "ಕೈ ಮಾತ್ರ ತೋರಿಸೋಣ. ಸೂಜಿಯಕ್ಕ, ನೀನೇ ಕೂತ್ಕೋ," ಎಂದ.

ಕೋಟು ಅವಳಿಗೆ ಹಾಕಿದರು. ಕೈಗೆ ಮಸಿ ಬಳಿದರು, ಉಗುರಿಗೆ ಮಣ್ಣು ತುಂಬಿದರು, ಸುಳ್ಳುಗಡ್ಡದ ಕೂದಲನ್ನು ಮಣಿಕಟ್ಟಿಗೆ ಅಂಟಿಸಿದರು. ಅವಳಿಗೆ ಕಚಗುಳಿ ತಡೆಯಲಾಗದೆ ಎರಡು ಸಲ ನಿಲ್ಲಿಸಬೇಕಾಯಿತು. ಹೊಲಿಗೆ ಬಿಚ್ಚಿದ್ದ ತೋಳನ್ನು ಕೈಯಿಂದ ಕಳಚಿ ತೊಡೆಯ ಮೇಲೆ ಹರಡಿಕೊಂಡು ಮುಳ್ಳನ್ನು ಎಡಗೈಗೆ ತೆಗೆದುಕೊಂಡಳು.

"ನಾಯಕ ಬಲಗೈಯವನಲ್ವಾ?" ಎಂದ ಕ್ಯಾಮೆರಾದವನು.

ಬಲಗೈಯಲ್ಲಿ ಪ್ರಯತ್ನಿಸಿದಳು. ಆ ಕೈ ನೆಂಟರ ಮನೆಗೆ ಬಂದವರ ಹಾಗೆ ಸಂಕೋಚಪಟ್ಟಿತು. ಯಜಮಾನರು ಆಕಾಶ ನೋಡಿ, "ಮೋಡ ಬರ್ತಾ ಇದೆ, ಯಾವ ಕೈ ಹೊಲಿಯುತ್ತೋ ಅದರಲ್ಲೇ ಹೊಲಿ ಮಾರಾಯ್ತಿ!" ಎಂದರು. ಎಡಗೈ ಕೆಲಸ ಮುಗಿಸಿತು.

ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ಅಮ್ಮನನ್ನು ಹೊರಡಿಸಲು ಎರಡು ದಿನ ಗೋಗರೆಯಬೇಕಾಯಿತು. ಮಗಳು ತನ್ನ ಕೈಯ ಸುದ್ದಿ ಎತ್ತಿರಲಿಲ್ಲ. ಅಮ್ಮ ಕೊರಳಲ್ಲಿ ಟೇಪಿನೊಂದಿಗೇ ಬಂದು ಕೂತಳು. ವೈರಿಯೊಬ್ಬನ ಕಾಲರು ಬಿಗಿ ಎಂದಳು, ಹುಡುಗಿಯ ಲಂಗ ಒಂದಿಂಚು ಉದ್ದ ಎಂದಳು.

ಆಗ ಪರದೆಯ ತುಂಬ ಎರಡು ಕೈ ಬಂದವು. ಗೋಡೆಯಷ್ಟು ದೊಡ್ಡವು. ಮುಳ್ಳು ಬಟ್ಟೆಯೊಳಗೆ ಇಳಿಯಿತು, ದಾರವನ್ನು ಎಳೆದುಕೊಂಡು ಹೊರಬಂತು. ಮೊದಲ ವೈರಿಯ ಹೆಸರು ಅಕ್ಷರದಲ್ಲಿ ಮೂಡಿತು. ಇಡೀ ಮಂದಿರ ಓ ಎಂದಿತು. ಎರಡನೆಯ ಹೆಸರಿಗೆ ಬೆಂಚು ಬಡಿದರು. ಮೂರನೆಯದಕ್ಕೆ ಹಿಂದಿನ ಸಾಲಿನವರು ಎದ್ದೇ ನಿಂತರು. ನಾಯಕ ಯಾವ ಕೈಯವನು ಎಂದು ಯಾರಿಗೂ ಹೊಳೆಯಲಿಲ್ಲ.

ಅಮ್ಮ ಮಾತ್ರ ಮುಂದಕ್ಕೆ ಬಾಗಿದಳು. ಉಲ್ಟಾ ವಾಲಿದ ಆ ಮೂರು ಹೊಲಿಗೆಯನ್ನು ಕಣ್ಣು ಕಿರಿದಾಗಿಸಿ ನೋಡಿದಳು. ಪಕ್ಕಕ್ಕೆ ಕೈಚಾಚಿ ಮಗಳ ಎಡಗೈ ಹುಡುಕಿ, ತಾನು ಹೊಡೆದಿದ್ದ ಗೆಣ್ಣುಗಳನ್ನು ಒಂದೊಂದಾಗಿ ಸವರಿದಳು. ಸೂಜಿಯಕ್ಕನಿಗೆ ಪರದೆ ಮಂಜಾಯಿತು. ಅಷ್ಟು ಸಂತೋಷ ಅವಳಿಗೆ ಅದುವರೆಗೆ ಆಗಿರಲಿಲ್ಲ.

"ಹರಿದ ಬಟ್ಟೆ ಹಾಗೇ ಇಡಬಾರದು ಅಂತ ನಾನೇ ಅಲ್ವಾ ಹೇಳಿಕೊಟ್ಟಿದ್ದು?" ಎಂದಳು ಅಮ್ಮ, ಹಿಂದಿನ ಎರಡು ಸಾಲಿಗೂ ಕೇಳುವಂತೆ.

ಅಲ್ಲಿಂದ ಮುಂದೆ ಸೂಜಿಯಕ್ಕ ಅದೇ ಕೋಣೆಯಲ್ಲಿ ಮೂವತ್ತೊಂದು ವರ್ಷ ಹೊಲಿದಳು. ಅಮ್ಮನಾದರೋ ಅಂದು ಆಟ ಬಿಟ್ಟು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮೂರನೆಯ ಮಿಷನ್ನಿನ ಬಿಳಿ ಬಟ್ಟೆಯನ್ನು ಎಳೆದು, ಕೊಡವಿ ಮಡಚಿದಳು.

"ನಾಳೆಯಿಂದ ಕಾಜಾ ಹೊಲಿಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋಬೇಕು ನಾನು," ಎಂದಳು. "ಇದನ್ನ ಖಾಲಿ ಇಟ್ಟುಕೊಂಡು ಇನ್ನು ಯಾರಿಗೆ ಕಾಯಲಿ?"